ಮನೆ ಕೆಲಸದ ಬಿಲ್ಲಿನಲ್ಲಿ ಓಡಾಟದ ಖರ್ಚು: ಪ್ರಶ್ನಿಸುವುದು ಹೇಗೆ?

ಸ್ನಾನದ ಮನೆಯ ನವೀಕರಣ, ಅಡುಗೆ ಮನೆಯ ಮರಗೆಲಸ, ಹಳೆಯ ವೈರಿಂಗ್ ಬದಲಾವಣೆ ಮುಂತಾದವು ಮುಗಿದ ಮೇಲೆ ಬರುವ ಕೊನೆಯ ಬಿಲ್ಲಿನಲ್ಲಿ, ಕೂಲಿ ಮತ್ತು ಸಾಮಗ್ರಿಯ ಕೆಳಗೆ ‘ಓಡಾಟ’, ‘ಟ್ರಾನ್ಸ್‌ಪೋರ್ಟ್’ ಅಥವಾ ‘ವಿಸಿಟಿಂಗ್ ಚಾರ್ಜ್’ ಎಂಬ ಹೆಸರಿನಲ್ಲಿ ಇನ್ನೊಂದು ಮೊತ್ತ ಸೇರಿರುವುದು ಅಪರೂಪವೇನಲ್ಲ. ಕೊಟೇಶನ್ ಕೊಟ್ಟ ದಿನ ಅದರ ಪ್ರಸ್ತಾಪವೇ ಇರುವುದಿಲ್ಲ. ಅದನ್ನು ಕಂಡಾಗ ಕೆಲವರು ಜಗಳ ಬೇಡವೆಂದು ಸುಮ್ಮನೆ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ಸಿಟ್ಟಿಗೆದ್ದು ಇಡೀ ಬಾಕಿಯನ್ನೇ ತಡೆಹಿಡಿಯುತ್ತಾರೆ. ಮೊದಲನೆಯದರಿಂದ ಹಣ ಹೋಗುತ್ತದೆ; ಎರಡನೆಯದರಿಂದ ನ್ಯಾಯ ನಮ್ಮ ಕಡೆ ಇದ್ದರೂ ತಪ್ಪಿತಸ್ಥರಂತೆ ನಿಲ್ಲಬೇಕಾಗುತ್ತದೆ, ಏಕೆಂದರೆ ಮಾಡಿದ ಕೆಲಸದ ಕೂಲಿಯನ್ನು ತಡೆಯುವುದಕ್ಕೆ ಓಡಾಟದ ಖರ್ಚು ಕಾರಣವಾಗಲಾರದು.

ಓಡಾಟಕ್ಕೆ ಹಣ ಕೇಳುವುದೇ ತಪ್ಪು ಎಂದು ಯಾವ ಕಾನೂನೂ ಹೇಳುವುದಿಲ್ಲ. ಪೆಟ್ರೋಲ್, ಬಸ್ಸು, ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತು, ಇವೆಲ್ಲ ಕೆಲಸಗಾರನಿಗೆ ನಿಜವಾದ ಖರ್ಚುಗಳೇ. ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಖರ್ಚನ್ನು ನಾವು ಬೇರೆಯಾಗಿ ಕೊಡುತ್ತೇವೆಂದು ಒಪ್ಪಿದ್ದೆವೇ? ಒಪ್ಪಿಲ್ಲದಿದ್ದರೆ, ಪ್ರತಿಯೊಂದು ಓಡಾಟಕ್ಕೂ ಯಾರು ಕಾರಣ? ಮುಂದಿನ ಲೆಕ್ಕ, ಮಾತು, ಪತ್ರ, ಬೇಕಾದರೆ ದೂರು, ಎಲ್ಲವೂ ಈ ಎರಡು ಪ್ರಶ್ನೆಗಳಿಂದಲೇ ಹೊರಡಬೇಕು.

ಮೊದಲು ಬಿಲ್ಲನ್ನು ಬಿಡಿಸಿ ಓದಿ

‘ಓಡಾಟ ಮತ್ತು ಸಾಗಣೆ’ ಎಂಬ ಒಂದೇ ಸಾಲಿನಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಬಾಬ್ತುಗಳು ಬೆರೆತಿರುತ್ತವೆ. ಕೆಲಸಗಾರರು ದಿನವೂ ಬಂದು ಹೋಗುವ ಖರ್ಚು ಒಂದು. ಅಂಗಡಿಯಿಂದ ಟೈಲ್ಸ್, ಸಿಮೆಂಟು, ಪ್ಲೈವುಡ್ ತರಿಸಿದ ಟೆಂಪೋ ಬಾಡಿಗೆ ಇನ್ನೊಂದು. ಒಡೆದ ಗೋಡೆಯ ಅವಶೇಷವನ್ನು ಸಾಗಿಸಿದ್ದು ಮತ್ತೊಂದು. ದೋಷ ಏನೆಂದು ನೋಡಲು ಬಂದ ಭೇಟಿಯ ಶುಲ್ಕ ಮಗದೊಂದು. ಇವುಗಳಿಗೆ ಒಂದೇ ನ್ಯಾಯ ಅನ್ವಯಿಸುವುದಿಲ್ಲ. ಆದ್ದರಿಂದ ಆಕ್ಷೇಪ ಎತ್ತುವ ಮೊದಲು ಕಾಂಟ್ರಾಕ್ಟರ್ ಬಳಿ ವಿವರವಾದ ಬಿಲ್ಲು ಕೇಳಬೇಕು: ಯಾವ ದಿನಾಂಕ, ಎಲ್ಲಿಂದ ಎಲ್ಲಿಗೆ, ಯಾವ ವಾಹನ, ಎಷ್ಟು ಹಣ. ‘ಒಟ್ಟು ಓಡಾಟ ಇಷ್ಟು’ ಎಂಬ ಗುಂಡುಮೊತ್ತವನ್ನು ಒಪ್ಪುವುದೂ ಕಷ್ಟ, ತಳ್ಳಿಹಾಕುವುದೂ ಕಷ್ಟ. ವಿವರ ಬಂದ ಮೇಲೆ ಅರ್ಧ ತಕರಾರು ತಾನಾಗಿಯೇ ಕರಗುತ್ತದೆ.

ಬಿಲ್ಲೇ ಕೊಡುವುದಿಲ್ಲ, ಡೈರಿಯ ಹಾಳೆಯಲ್ಲಿ ಬರೆದ ಮೊತ್ತವೇ ಸಾಕು ಎನ್ನುವವರಿದ್ದಾರೆ. ಕೊಟ್ಟ ಸೇವೆಗೆ ಬಿಲ್ ಕೊಡದಿರುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಎಣಿಸುತ್ತದೆ. ಈ ಮಾತನ್ನು ಬೆದರಿಕೆಯಾಗಿ ಹೇಳಬೇಕಿಲ್ಲ. ‘ಬಿಲ್ಲು ಕೊಡಿ, ಅದರಂತೆ ಹಣ ಹಾಕುತ್ತೇನೆ’ ಎಂದರೆ ಹೆಚ್ಚಿನವರು ಕೊಡುತ್ತಾರೆ.

ಒಪ್ಪಂದದಲ್ಲಿ ಏನಿತ್ತು?

ನಮ್ಮಲ್ಲಿ ಮನೆ ಕೆಲಸಕ್ಕೆ ಛಾಪಾ ಕಾಗದದ ಕರಾರು ಮಾಡಿಕೊಳ್ಳುವವರು ಕಡಿಮೆ. ಆದರೆ ಕರಾರು ಇಲ್ಲವೆಂದು ಅದರ ಅರ್ಥವಲ್ಲ. ಭಾರತೀಯ ಕರಾರು ಕಾಯ್ದೆ, 1872ರ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ವಾಟ್ಸ್ಆ್ಯಪ್‌ನಲ್ಲಿ ಬಂದ ‘ಮಟೀರಿಯಲ್ ಸಮೇತ ಇಷ್ಟು ಆಗುತ್ತೆ ಸರ್’ ಎಂಬ ಸಂದೇಶವೂ ಅದರ ಭಾಗವೇ. ಒಮ್ಮೆ ಒಪ್ಪಿದ ಷರತ್ತನ್ನು ಬದಲಿಸಲು ಇಬ್ಬರ ಒಪ್ಪಿಗೆಯೂ ಬೇಕು. ಕೆಲಸ ಮುಗಿದ ಮೇಲೆ ಒಬ್ಬರೇ ಒಂದು ಹೊಸ ಸಾಲನ್ನು ಸೇರಿಸಿದರೆ ಅದು ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಮೊದಲು ಹಳೆಯ ಸಂದೇಶಗಳನ್ನು, ಕೊಟೇಶನ್ನಿನ ಫೋಟೋವನ್ನು, ಅಡ್ವಾನ್ಸ್ ಕೊಟ್ಟ ದಿನದ ಮಾತುಕತೆಯನ್ನು ಹುಡುಕಿ ತೆಗೆಯಬೇಕು. ಕೊಟೇಶನ್ನಿನ ಕೆಳಭಾಗದ ಸಣ್ಣ ಅಕ್ಷರಗಳನ್ನೂ ಓದಬೇಕು. ಅಲ್ಲಿ ‘ಸಾಗಣೆ ವೆಚ್ಚ ಪ್ರತ್ಯೇಕ’ ಎಂದಿದ್ದು, ನಾವು ಅದಕ್ಕೆ ಅಡ್ವಾನ್ಸ್ ಕೊಟ್ಟಿದ್ದರೆ, ಸಾಗಣೆ ಕೊಡಬೇಕೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿಯುವುದು ಎಷ್ಟು ಎಂಬುದು ಮಾತ್ರ.

ಕೊಟೇಶನ್ ಈ ಬಗ್ಗೆ ಏನನ್ನೂ ಹೇಳದಿದ್ದರೆ? ಇಡೀ ಕೆಲಸಕ್ಕೆ ಒಂದು ಮೊತ್ತ ಒಪ್ಪಿಕೊಂಡವರು ಕೆಲಸದ ಜಾಗಕ್ಕೆ ಬರುವ ಖರ್ಚನ್ನೂ ಅದರಲ್ಲೇ ಎಣಿಸಿರುತ್ತಾರೆ ಎಂದು ಭಾವಿಸುವುದು ಸಹಜ ಮತ್ತು ನ್ಯಾಯವಾದ ವಾದ. ಮನೆ ಎಲ್ಲಿದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅಳತೆ ತೆಗೆಯಲು ಅವರೇ ಬಂದಿದ್ದರು. ಇದಕ್ಕೆ ಎದುರಾಗಿ ಅವರು ಹೇಳಬಹುದಾದ ಒಂದು ಬಲವಾದ ಮಾತೂ ಇದೆ. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ, ಅದಕ್ಕೆ ತಕ್ಕ ಪರಿಹಾರ ಕೊಡಬೇಕು ಎಂದು ಅದೇ ಕಾಯ್ದೆಯ 70ನೇ ಕಲಂ ಹೇಳುತ್ತದೆ. ನಾವು ಫೋನ್ ಮಾಡಿ ‘ಇನ್ನೆರಡು ಮೂಟೆ ಸಿಮೆಂಟು ತಂದುಬಿಡಿ’ ಎಂದು ಹೇಳಿ ತರಿಸಿಕೊಂಡು, ಆಮೇಲೆ ಆಟೋ ಬಾಡಿಗೆ ಕೊಟೇಶನ್ನಿನಲ್ಲಿ ಇರಲಿಲ್ಲ ಎನ್ನುವುದು ಸಲ್ಲದು.

ಒಂದು ನಲ್ಲಿ ಸೋರುತ್ತಿದೆ, ಒಂದು ಸ್ವಿಚ್ ಸುಟ್ಟಿದೆ ಎಂದು ಕರೆದಾಗ ಪ್ಲಂಬರ್ ಅಥವಾ ಎಲೆಕ್ಟ್ರೀಷಿಯನ್ ಕೇಳುವ ವಿಸಿಟಿಂಗ್ ಚಾರ್ಜಿನ ವಿಷಯ ಬೇರೆ. ಅಲ್ಲಿ ಕೆಲಸ ಹತ್ತು ನಿಮಿಷದ್ದು, ಬರುವ ದಾರಿಯೇ ದೊಡ್ಡದು. ಇಂಥ ಶುಲ್ಕವನ್ನು ಮೊದಲೇ ಹೇಳಿದ್ದರೆ, ರಿಪೇರಿ ಬೇಡವೆಂದು ನಾವೇ ನಿರ್ಧರಿಸಿದರೂ ಅದನ್ನು ಕೊಡಬೇಕು. ರಿಪೇರಿ ಮಾಡಿಸಿದರೆ ವಿಸಿಟಿಂಗ್ ಚಾರ್ಜನ್ನು ಕೂಲಿಯಲ್ಲಿ ಕಳೆಯುತ್ತಾರೋ ಇಲ್ಲವೋ ಎಂಬುದನ್ನು ಕರೆಯುವಾಗಲೇ ಕೇಳಿಕೊಳ್ಳಬೇಕು. ಎರಡೂ ರೂಢಿಗಳು ಇವೆ.

ಯಾರ ಕಾರಣಕ್ಕೆ ಬಂದರು?

ತಕರಾರಿನ ತಿರುಳು ಇಲ್ಲಿದೆ, ಹಾಗಾಗಿ ಇದನ್ನು ಒಂದು ಲೆಕ್ಕದ ಮೂಲಕವೇ ನೋಡೋಣ. ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ ಸ್ನಾನದ ಮನೆಯನ್ನು ಮಟೀರಿಯಲ್ ಸಮೇತ ಹೊಸದಾಗಿ ಮಾಡಿಸಿದರು ಎಂದು ಇಟ್ಟುಕೊಳ್ಳಿ. ಕೊಟೇಶನ್ನಿನಲ್ಲಿ ಓಡಾಟದ ಮಾತಿಲ್ಲ. ಕೊನೆಯ ಬಿಲ್ಲಿನಲ್ಲಿ ‘ಓಡಾಟ 19 ಬಾರಿ, ತಲಾ 500 ರೂಪಾಯಿ, ಒಟ್ಟು 9,500’ ಎಂದೂ, ಅದರ ಕೆಳಗೆ ‘ಟೈಲ್ಸ್ ಟೆಂಪೋ 1,800’ ಎಂದೂ ಇದೆ. ಎರಡರ ಮೇಲೂ ಶೇ 18 ಜಿಎಸ್‌ಟಿ ಹಾಕಿದ್ದಾರೆ.

ಮನೆಯವರು ಈ 19 ಬಾರಿಯನ್ನು ದಿನಾಂಕದ ಪ್ರಕಾರ ಬರೆದುಕೊಳ್ಳುತ್ತಾರೆ. ಅದರಲ್ಲಿ 11 ಮಾಮೂಲಿ ಕೆಲಸದ ದಿನಗಳು. ಒಂದು, ಕೊಟೇಶನ್ ಕೊಡುವ ಮೊದಲು ಅಳತೆಗೆ ಬಂದದ್ದು. ಮೂರು ಬಾರಿ, ಪೈಪಿನ ಎಲ್ಬೋ ತಪ್ಪು ಅಳತೆಯದು ತಂದಿದ್ದಕ್ಕೆ, ಗ್ರೌಟ್ ಮರೆತಿದ್ದಕ್ಕೆ, ಡ್ರಿಲ್ ಬಿಟ್ ಸಿಗದೇ ಹೋದದ್ದಕ್ಕೆ ಅಂಗಡಿಗೆ ಹೋಗಿಬಂದದ್ದು. ಎರಡು ಬಾರಿ, ಹೊಸದಾಗಿ ಹಾಕಿದ ಜೋಡಣೆಯೇ ಸೋರಿದ್ದರಿಂದ ಸರಿಪಡಿಸಲು ಬಂದದ್ದು. ಉಳಿದ ಎರಡಕ್ಕೆ ಮನೆಯವರೇ ಕಾರಣ: ಒಂದು ದಿನ ಹೇಳಿದ ಸಮಯಕ್ಕೆ ಬಾಗಿಲಿಗೆ ಬೀಗವಿತ್ತು, ಇನ್ನೊಂದು ದಿನ ತಂದ ಟೈಲ್ಸಿನ ಬಣ್ಣ ಬೇಡವೆಂದು ಬದಲಾಯಿಸಲು ಅವರನ್ನೇ ಕಳಿಸಿದ್ದರು.

ಮಾಮೂಲಿ ದಿನಗಳ ಮತ್ತು ಅಳತೆಯ ಭೇಟಿಯ ಖರ್ಚು ಒಪ್ಪಿದ ಮೊತ್ತದೊಳಗಿನದು. ಮರೆತ ಸಾಮಾನು ತರುವುದು ಕಾಂಟ್ರಾಕ್ಟರ್‌ನ ಯೋಜನೆಯ ಕೊರತೆ. ತಾನೇ ಮಾಡಿದ ಜೋಡಣೆಯ ಸೋರಿಕೆಯನ್ನು ನಿಲ್ಲಿಸಲು ಬಂದದ್ದಕ್ಕೆ ಹಣ ಕೇಳುವುದು ಸ್ವಲ್ಪವೂ ಸರಿಯಲ್ಲ. ಈ ಒಂದು ವಿಷಯದಲ್ಲಿ ಮನೆಯವರು ಒಂದು ರೂಪಾಯಿಗೂ ಜಗ್ಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಬೀಗ ನೋಡಿ ಹಿಂದಿರುಗಿದ ದಿನದ ಮತ್ತು ಟೈಲ್ಸ್ ಬದಲಾಯಿಸಿದ ದಿನದ 1,000 ರೂಪಾಯಿಯನ್ನು ಮನೆಯವರು ಚೌಕಾಸಿ ಮಾಡದೆ ಕೊಡಬೇಕು. ಅಂದು ಆ ಕೆಲಸಗಾರನಿಗೆ ಪೆಟ್ರೋಲ್ ಮಾತ್ರವಲ್ಲ, ದಿನದ ಕೂಲಿಯೂ ಕೈತಪ್ಪಿರಬಹುದು.

ಟೆಂಪೋ ವಿಷಯಕ್ಕೆ ಟೈಲ್ಸ್ ಅಂಗಡಿಯ ಬಿಲ್ಲು ತೆರೆದು ನೋಡಬೇಕು. ಅಂಗಡಿಯವರೇ ‘ಡೆಲಿವರಿ ಸೇರಿ’ ಎಂದು ಬರೆದಿದ್ದರೆ, ಅಥವಾ ‘ಲೋಡಿಂಗ್–ಅನ್‌ಲೋಡಿಂಗ್’ ಎಂದು ಆ ಬಿಲ್ಲಿನಲ್ಲೇ ಹಣ ಹಿಡಿದಿದ್ದರೆ, ಕಾಂಟ್ರಾಕ್ಟರ್ ಮತ್ತೆ 1,800 ಕೇಳುವುದು ಒಂದೇ ಸಾಗಣೆಗೆ ಎರಡು ಬಾರಿ ವಸೂಲಿ ಮಾಡಿದಂತೆ. ಹಾಗೆ ಇಲ್ಲದಿದ್ದರೂ, ಮಟೀರಿಯಲ್ ಸಮೇತ ಎಂದು ಒಪ್ಪಿದ ಕೆಲಸದಲ್ಲಿ ಸಾಮಗ್ರಿಯನ್ನು ಮನೆಯವರೆಗೆ ತಲುಪಿಸುವುದು ಅವರದೇ ಹೊಣೆ. ಕೂಲಿಗೆ ಮಾತ್ರ ಒಪ್ಪಂದವಾಗಿ ಸಾಮಗ್ರಿಯನ್ನು ನಾವೇ ಕೊಡಿಸಿದ್ದರೆ ಮಾತು ತಿರುಗುತ್ತದೆ: ಆಗ ಟೆಂಪೋ ಬಾಡಿಗೆ ನಮ್ಮದೇ, ಚೀಟಿ ತೋರಿಸಿದರೆ ಕೊಟ್ಟುಬಿಡಬೇಕು.

ಈ ಲೆಕ್ಕದಂತೆ 17 ಬಾರಿಯ 8,500 ಮತ್ತು ಟೆಂಪೋದ 1,800 ವಿವಾದದಲ್ಲಿವೆ. ತೆರಿಗೆ ಸೇರಿದರೆ ಒಟ್ಟು 12,154 ರೂಪಾಯಿ. ಇಷ್ಟು ಸ್ಪಷ್ಟವಾದ ಅಂಕಿ ಕೈಯಲ್ಲಿದ್ದರೆ ‘ಜಾಸ್ತಿ ಹಾಕಿದ್ದೀರಿ’ ಎಂಬ ಸಡಿಲ ಮಾತಿನ ಅಗತ್ಯವೇ ಬೀಳುವುದಿಲ್ಲ.

ದಿನಗಳನ್ನು ಹೇಗೆ ಸಾಬೀತು ಮಾಡುವುದು ಎಂಬ ಚಿಂತೆ ಬೇಡ. ಅಪಾರ್ಟ್‌ಮೆಂಟಿನಲ್ಲಿದ್ದರೆ ಗೇಟಿನ ಪುಸ್ತಕದಲ್ಲೋ ಆ್ಯಪ್‌ನಲ್ಲೋ ಪ್ರತಿ ಪ್ರವೇಶವೂ ದಾಖಲಾಗಿರುತ್ತದೆ. ‘ಇವತ್ತು ಬರಕ್ಕಾಗಲ್ಲ ಸರ್’ ಎಂಬ ಸಂದೇಶಗಳು, ಕೆಲಸದ ಹಂತಗಳಲ್ಲಿ ತೆಗೆದ ಫೋಟೋಗಳ ದಿನಾಂಕ, ಕರೆಗಳ ಪಟ್ಟಿ, ಅಂಗಡಿ ಬಿಲ್ಲುಗಳ ಸಮಯ, ಇವೆಲ್ಲ ಸಾಕ್ಷ್ಯವೇ. ಸ್ಕ್ರೀನ್‌ಶಾಟ್ ಇದೆಯೆಂದು ಮೂಲ ಸಂದೇಶವನ್ನು ಅಳಿಸಬಾರದು. ಮುಂದೆ ಅಗತ್ಯ ಬಿದ್ದರೆ ಮೂಲವನ್ನೇ ಕೇಳುತ್ತಾರೆ.

ಜಿಎಸ್‌ಟಿ ಸಾಲು

‘ಪೆಟ್ರೋಲಿಗೂ ಜಿಎಸ್‌ಟಿಯೇ?’ ಎಂದು ಹಲವರು ಕೇಳುತ್ತಾರೆ. ನೋಂದಾಯಿತ ಕಾಂಟ್ರಾಕ್ಟರ್ ತನ್ನ ಸೇವೆಯ ಜೊತೆ ವಸೂಲಿ ಮಾಡುವ ಪೂರಕ ಖರ್ಚುಗಳೂ ಆ ಸೇವೆಯ ಮೌಲ್ಯಕ್ಕೆ ಸೇರುತ್ತವೆ ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಂ ಹೇಳುವುದರಿಂದ, ಓಡಾಟದ ಖರ್ಚು ಸರಿಯಾಗಿದ್ದರೆ ಅದರ ಮೇಲಿನ ತೆರಿಗೆಯೂ ಸರಿ. ಓಡಾಟದ ಸಾಲು ಬಿದ್ದುಹೋದರೆ ಅದರ ತೆರಿಗೆಯೂ ಬೀಳಬೇಕು. ಪರಿಷ್ಕೃತ ಬಿಲ್ಲಿನಲ್ಲಿ ಇದನ್ನು ತಪ್ಪದೆ ಪರಿಶೀಲಿಸಿ.

ನೋಂದಣಿಯೇ ಇಲ್ಲದವರು ಜಿಎಸ್‌ಟಿ ಎಂದು ಹಣ ಪಡೆಯುವಂತಿಲ್ಲ. 32ನೇ ಕಲಂ ಅದನ್ನು ನಿಷೇಧಿಸುತ್ತದೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತಾವೇ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರೂ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲಿರುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಹಾಕಿದರೆ ಹೆಸರು, ನೋಂದಣಿಯ ಸ್ಥಿತಿ ಮತ್ತು ವಿಧ ಕಾಣುತ್ತವೆ. ಕರ್ನಾಟಕದ ನೋಂದಣಿಗಳು 29 ಎಂಬ ಅಂಕಿಯಿಂದ ಆರಂಭವಾಗುತ್ತವೆ.

ಮೊದಲು ಮಾತು, ಆಮೇಲೆ ಪತ್ರ

ಲೆಕ್ಕ ಸಿದ್ಧವಾದ ಮೇಲೆ ಮೊದಲು ಎದುರಾಬದುರು ಕೂತು ಮಾತನಾಡುವುದು ಒಳ್ಳೆಯದು. ಮಾತನಾಡಬೇಕಾದದ್ದು ಬಿಲ್ಲು ಕೊಟ್ಟ ಕಾಂಟ್ರಾಕ್ಟರ್ ಅಥವಾ ಮೇಸ್ತ್ರಿಯ ಜೊತೆಗೆ. ಟೈಲ್ಸ್ ಕೂರಿಸುವ ಹುಡುಗನ ಮುಂದೆ ದನಿ ಏರಿಸಿ ಪ್ರಯೋಜನವಿಲ್ಲ, ಏಕೆಂದರೆ ಬಿಲ್ಲಿನಲ್ಲಿ ಬರೆದ ಓಡಾಟದ ಹಣ ಅವನ ಕೈಗೆ ಹೋಗುತ್ತಿದೆ ಎಂದು ಹೇಳಲಾಗದು. ‘ಮೇಸ್ತ್ರಿಗಳೇ, ಈ ಎರಡು ದಿನದ ಓಡಾಟ ನಮ್ಮಿಂದ ಆದದ್ದು, ಅದನ್ನು ಕೊಡುತ್ತೇನೆ, ಉಳಿದದ್ದು ಕೊಟೇಶನ್ನಿನಲ್ಲಿ ಇರಲಿಲ್ಲ, ಒಮ್ಮೆ ನೋಡಿ’ ಎಂದು ಒಪ್ಪಿದ್ದನ್ನು ಮೊದಲು ಹೇಳಿ, ಒಪ್ಪದ್ದನ್ನು ಆಮೇಲೆ ಹೇಳಿದರೆ ಮಾತು ಮುರಿಯುವುದಿಲ್ಲ. ಮಾತುಕತೆ ಮುಗಿದ ದಿನವೇ ಅದರ ಸಾರಾಂಶವನ್ನು ಸಂದೇಶವಾಗಿ ಕಳಿಸಿಬಿಡಬೇಕು.

ಅದರಿಂದ ಆಗದಿದ್ದರೆ ಬರಹದಲ್ಲಿ ಆಕ್ಷೇಪ ಸಲ್ಲಿಸಬೇಕು. ಮೇಲಿನ ಉದಾಹರಣೆಗೆ ಪತ್ರ ಹೀಗಿರಬಹುದು:

‘ಮಾನ್ಯರೇ, ನಮ್ಮ ಮನೆಯ ಸ್ನಾನದ ಕೋಣೆಯ ಕೆಲಸಕ್ಕೆ ಸಂಬಂಧಿಸಿದ ತಮ್ಮ ಅಂತಿಮ ಬಿಲ್ಲು ತಲುಪಿದೆ. ಕೂಲಿ ಮತ್ತು ಸಾಮಗ್ರಿಯ ಮೊತ್ತದ ಬಗ್ಗೆ ನನ್ನ ಆಕ್ಷೇಪವಿಲ್ಲ. ಅದನ್ನು ಇಂದು ಸಂದಾಯ ಮಾಡಿದ್ದೇನೆ. ಓಡಾಟದ ಬಾಬ್ತು ತೋರಿಸಿರುವ 9,500 ರೂಪಾಯಿಯಲ್ಲಿ, ನಮ್ಮ ಕಾರಣದಿಂದ ಆದ ಎರಡು ಭೇಟಿಗಳ 1,000 ರೂಪಾಯಿಯನ್ನು ತೆರಿಗೆ ಸಹಿತ ಒಪ್ಪಿ ಪಾವತಿಸಿದ್ದೇನೆ. ಉಳಿದ 8,500 ಹಾಗೂ ಟೆಂಪೋ ಬಾಡಿಗೆ 1,800 ರೂಪಾಯಿ ತಮ್ಮ ಕೊಟೇಶನ್ನಿನಲ್ಲಿ ಇರಲಿಲ್ಲ, ಅವುಗಳಿಗೆ ನಾನು ಎಂದೂ ಒಪ್ಪಿಗೆ ಕೊಟ್ಟಿಲ್ಲ. ದಿನಾಂಕವಾರು ವಿವರವನ್ನು ಲಗತ್ತಿಸಿದ್ದೇನೆ. ಈ ಮೊತ್ತಗಳನ್ನು ಮತ್ತು ಅವುಗಳ ಮೇಲಿನ ತೆರಿಗೆಯನ್ನು ಕೈಬಿಟ್ಟು ಪರಿಷ್ಕೃತ ಬಿಲ್ಲನ್ನು 15 ದಿನಗಳೊಳಗೆ ಕಳಿಸಬೇಕೆಂದು, ಇಲ್ಲವಾದರೆ ಯಾವ ಆಧಾರದ ಮೇಲೆ ಕೇಳುತ್ತಿದ್ದೀರಿ ಎಂಬುದನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.’

ಇದನ್ನು ವಾಟ್ಸ್ಆ್ಯಪ್‌ನಲ್ಲಿಯೂ ಇಮೇಲ್‌ನಲ್ಲಿಯೂ ಕಳಿಸಿ. ಬಿಲ್ಲಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ಚೀಟಿ ಇಟ್ಟುಕೊಂಡರೆ ಇನ್ನೂ ಭದ್ರ. ಮೋಸ, ಕಳ್ಳತನ, ಪೊಲೀಸ್ ಎಂಬ ಮಾತುಗಳು ಪತ್ರದಲ್ಲಿ ಇರಬಾರದು. ಇದು ಸಿವಿಲ್ ಸ್ವರೂಪದ ಲೆಕ್ಕದ ವಿವಾದ. ಠಾಣೆಗೆ ಕೊಂಡೊಯ್ದರೂ ಅಲ್ಲಿ ಅದಕ್ಕೆ ಪರಿಹಾರ ಸಿಗುವುದಿಲ್ಲ.

ಹಣ ಕೊಡುವಾಗ ಎಚ್ಚರ

ವಿವಾದವಿಲ್ಲದ ಹಣವನ್ನು ತಡಮಾಡದೆ, ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಬೇಕು, ಷರಾ ಬರೆಯುವ ಜಾಗದಲ್ಲಿ ‘ಓಡಾಟ ಹೊರತು’ ಎಂದು ನಮೂದಿಸಬೇಕು. ಕೀ ಕೊಡುವುದಿಲ್ಲ, ಉಳಿದ ಕೆಲಸ ಮಾಡುವುದಿಲ್ಲ ಎಂದು ಅವರು ಪಟ್ಟು ಹಿಡಿದು, ನಮಗೆ ಅನಿವಾರ್ಯವಾಗಿ ಪೂರ್ತಿ ಕೊಡಬೇಕಾಗಿ ಬಂದರೆ, ‘ಓಡಾಟದ ಬಾಬ್ತನ್ನು ಆಕ್ಷೇಪಕ್ಕೆ ಒಳಪಟ್ಟು ಕೊಡುತ್ತಿದ್ದೇನೆ, ಮರಳಿ ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇನೆ’ ಎಂಬ ಸಂದೇಶವನ್ನು ಕೊಡುವ ಮೊದಲೇ ಕಳಿಸಬೇಕು. ಸುಮ್ಮನೆ ಕೊಟ್ಟು ತಿಂಗಳ ನಂತರ ಕೇಳಿದರೆ ಒಪ್ಪಿಯೇ ಕೊಟ್ಟಿದ್ದೀರಿ ಎಂಬ ಉತ್ತರ ಬರುತ್ತದೆ.

ಮುಂದಿನ ದಿನಾಂಕದ ಚೆಕ್ಕನ್ನು ಮೊದಲೇ ಕೊಟ್ಟಿದ್ದರೆ ಬ್ಯಾಂಕಿಗೆ ಹೇಳಿ ಅದನ್ನು ತಡೆಯುವ ಮುನ್ನ ವಕೀಲರೊಬ್ಬರನ್ನು ಕೇಳುವುದು ಒಳಿತು. ಪಾವತಿ ತಡೆದ ಚೆಕ್ಕಿನ ಮೇಲೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಪ್ರಕರಣ ಹೂಡಬಹುದು, ಮತ್ತು ಕೆಲವು ಸಾವಿರದ ತಕರಾರಿಗೆ ಆ ದಾರಿಯಲ್ಲಿ ಸಿಲುಕುವುದು ಯಾರಿಗೂ ಬೇಡ.

ಆ್ಯಪ್ ಮೂಲಕ ಕೆಲಸಗಾರರನ್ನು ಕರೆಸಿದ್ದರೆ ದಾರಿ ಇನ್ನೂ ಸುಲಭ. ಇ–ಕಾಮರ್ಸ್ ನಿಯಮಗಳು, 2020ರ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಹೊಸ ಶುಲ್ಕ ಸೇರಿಸುವುದನ್ನು ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿತಪ್ಪಿಸುವ ಆನ್‌ಲೈನ್ ತಂತ್ರಗಳ ಕುರಿತ 2023ರ ಮಾರ್ಗಸೂಚಿ ನಿಷೇಧಿಸಿದೆ. ಆದರೆ ಆ್ಯಪ್‌ನ ಹೊರಗೆ ಕೆಲಸಗಾರನ ಕೈಗೆ ನೇರವಾಗಿ ಕೊಟ್ಟ ಹಣಕ್ಕೆ ಕಂಪನಿ ಹೊಣೆ ಹೊರಲು ಹಿಂಜರಿಯುತ್ತದೆ, ಆದ್ದರಿಂದ ಹಾಗೆ ಕೊಡದಿರುವುದೇ ಸರಿ.

ಪತ್ರಕ್ಕೂ ಬಗ್ಗದಿದ್ದರೆ

ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲಿಯೂ ಮಾತನಾಡಬಹುದು. ಅವರು ಎದುರು ಪಕ್ಷವನ್ನು ಸಂಪರ್ಕಿಸಿ ರಾಜಿಗೆ ಯತ್ನಿಸುತ್ತಾರೆ. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ದೊಡ್ಡ ಸಂಸ್ಥೆಗಳ ವಿಷಯದಲ್ಲಿ ಇದು ಹೆಚ್ಚು ಫಲ ಕೊಡುತ್ತದೆ, ಒಬ್ಬಂಟಿ ಮೇಸ್ತ್ರಿಯ ವಿಷಯದಲ್ಲಿ ಕಡಿಮೆ.

ಅಂಥ ಸಣ್ಣ ಕಾಂಟ್ರಾಕ್ಟರ್ ಜೊತೆಗಿನ ವಿವಾದಕ್ಕೆ ನನ್ನ ಸಲಹೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಪ್ರಕರಣ ಹೂಡುವ ಮೊದಲೇ ಅಲ್ಲಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಶುಲ್ಕವಿಲ್ಲ; ಇಬ್ಬರೂ ಒಪ್ಪಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಆದರೆ ಎದುರಿನವರು ಬಾರದಿದ್ದರೆ ಅಥವಾ ಒಪ್ಪದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಕೊನೆಯದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಣವನ್ನು ಪೂರ್ತಿ ಕೊಟ್ಟಿರಲೇಬೇಕೆಂದಿಲ್ಲ. ಭಾಗಶಃ ಕೊಟ್ಟು ಉಳಿದದ್ದನ್ನು ಕೊಡುವುದಾಗಿ ಒಪ್ಪಿದವರೂ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕರೇ. ಕೆಲಸಕ್ಕೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ವಿವಾದದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು. ದೂರಿನಲ್ಲಿ ಅನುಚಿತ ವಸೂಲಿಯ ಮರುಪಾವತಿಯ ಜೊತೆಗೆ ದೂರಿನ ವೆಚ್ಚವನ್ನೂ ಕೇಳಬಹುದು. ಸಾಬೂನಿನ ನೊರೆಯಂತೆ ಉಬ್ಬಿಸಿ ಮಾನಸಿಕ ಹಿಂಸೆಗೆ ಲಕ್ಷಾಂತರ ಕೇಳಿದರೆ ದೂರಿನ ತೂಕ ಕಡಿಮೆಯಾಗುತ್ತದೆ. ಲಿಖಿತ ಉತ್ತರಕ್ಕೆ ಎದುರು ಪಕ್ಷಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಇಡೀ ಪ್ರಕರಣ 3 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆಯಲ್ಲಿ ಆಶಿಸಲಾಗಿದೆ. ಅನುಭವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ವಿವಾದದ ಹಣ 2,000 ಮಾತ್ರವಾಗಿದ್ದರೆ ಇಷ್ಟು ದೂರ ಹೋಗಬೇಕೇ ಎಂಬುದನ್ನು ಅವರವರೇ ತೂಗಿ ನೋಡಬೇಕು. 12,000ಕ್ಕೆ ಹೋಗುವುದು ತಪ್ಪಲ್ಲ.

ನಡುವೆ ಎಲ್ಲಿಯೇ ರಾಜಿಯಾದರೂ, ಕೊಟ್ಟ ಮೊತ್ತ, ದಿನಾಂಕ, ಮತ್ತು ‘ಈ ಕೆಲಸದ ಬಾಬ್ತು ಇನ್ನಾವ ಬಾಕಿಯೂ ಇಲ್ಲ’ ಎಂಬ ವಾಕ್ಯ ಇರುವ ರಸೀದಿಯನ್ನು ಸಹಿ ಮಾಡಿಸಿಕೊಳ್ಳಬೇಕು; ನಗದಾಗಿ 5,000 ರೂಪಾಯಿಗಿಂತ ಹೆಚ್ಚು ಕೊಟ್ಟಿದ್ದರೆ ಅದಕ್ಕೆ 1 ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಬೇಕು. ರಾಜಿಯಾಗದೆ ಹಾಗೆಯೇ ಉಳಿದರೆ, ಮಾಡಿದ ಕೆಲಸದ ಹಣಕ್ಕಾಗಿ ಕಾಂಟ್ರಾಕ್ಟರ್ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಅವಧಿ ಇರುತ್ತದೆ. ಅಲ್ಲಿಯವರೆಗೆ ಕೊಟೇಶನ್, ಬಿಲ್ಲು, ಸಂದೇಶಗಳು ಮತ್ತು ದಿನಾಂಕವಾರು ಲೆಕ್ಕದ ಹಾಳೆಯನ್ನು ಒಂದೇ ಕಡತದಲ್ಲಿ ಕಾಪಾಡಿ ಇಟ್ಟುಕೊಳ್ಳಿ.